ಇತರೆ ಖರ್ಚು

ಮಹಾಸಭೆ ಹತ್ತೂವರೆಗೆ ಎಂದು ಕಾರ್ಡಿನಲ್ಲಿತ್ತು. ಕಲ್ಯಾಣ ಮಂಟಪದ ಬಾಗಿಲಲ್ಲಿ ಎರಡು ಸಾಲು: ಒಂದು ಸಹಿಗೆ, ಇನ್ನೊಂದು ಕೂಪನ್ನಿಗೆ. ಕೂಪನ್ ಇದ್ದವರಿಗೆ ಊಟವಾದ ಮೇಲೆ ಒಂದು ಸ್ಟೀಲ್ ಡಬ್ಬಿ. ಬೆಂಗಳೂರಿನ ಆ ಪತ್ತಿನ ಸಹಕಾರ ಸಂಘಕ್ಕೆ ನಾನು ಷೇರುದಾರನಾಗಿ ಇಪ್ಪತ್ತು ವರ್ಷವಾಗಿದ್ದರೂ ಸಭೆಗೆ ಹೋದದ್ದು ಮೂರೋ ನಾಲ್ಕೋ ಸಲ. ಕೋರಂ ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡಿದರು. ಆಮೇಲೆ ಅದೇ ಜಾಗದಲ್ಲಿ, ಕೋರಂ ಬೇಕಿಲ್ಲದ ಸಭೆಯಾಗಿ ಅದು ಶುರುವಾಯಿತು. ತಿಂಡಿಯ ಕಡೆ ಮಾತ್ರ ಕೋರಂ ಬೆಳಗ್ಗೆಯಿಂದಲೂ ತುಂಬಿತ್ತು. "ವರದಿ ನಿಮ್ಮೆಲ್ಲರ ಕೈಯಲ್ಲಿದೆ, ಓದಿ ಆಗಿದೆ ಅಂತ ಭಾವಿಸಬಹುದಲ್ಲ?" ಎಂದರು ಕಾರ್ಯದರ್ಶಿ. "ಒಪ್ಪಿಗೆ, ಒಪ್ಪಿಗೆ" ಎಂಬ ಕೂಗು ಬಂತು. ಆಗ ಮುಂದಿನ ಸಾಲಿನಲ್ಲಿ ಮಫ್ಲರ್ ಸುತ್ತಿಕೊಂಡಿದ್ದ ಹಿರಿಯರೊಬ್ಬರು ಎದ್ದರು. "ಸ್ವಾಮಿ, ಹನ್ನೊಂದನೇ ಪುಟದಲ್ಲಿ ಇತರೆ ಖರ್ಚು ಅಂತ ಹಾಕಿದ್ದೀರಲ್ಲ, ಅದೇನು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ?" ಹಿಂದಿನಿಂದ ಯಾರೋ, "ಯಜಮಾನ್ರೇ, ಕೂತ್ಕೊಳ್ಳಿ, ಎಲೆ ಹಾಕ್ತಾ ಇದಾರೆ" ಎಂದರು. ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ.

ಆ ನಗು ಆಮೇಲೆ ಎಷ್ಟೋ ದಿನ ಕೊರೆಯಿತು. ನಗರದಲ್ಲಿ ಸಹಕಾರ ಯಾಕೆ ನೆಲೆ ನಿಲ್ಲುವುದಿಲ್ಲ ಎಂದು ಕೇಳಿದರೆ ಸಿದ್ಧ ಉತ್ತರ ಎರಡಿವೆ: ಜನ ಸ್ವಾರ್ಥಿಗಳಾದರು, ರಾಜಕೀಯದವರು ಹೊಕ್ಕು ಹಾಳುಮಾಡಿದರು. ಎರಡರಲ್ಲೂ ನಿಜವಿದೆ, ಎರಡೂ ಸೋಮಾರಿ ಉತ್ತರಗಳು. ಮೊದಲನೆಯದು ಹುಟ್ಟಿದ್ದೇ ಒಂದು ತಪ್ಪು ತಿಳಿವಳಿಕೆಯಿಂದ, ಸಹಕಾರವೆಂದರೆ ಒಳ್ಳೆಯತನ ಎಂಬ ತಿಳಿವಳಿಕೆಯಿಂದ. ವೇದಿಕೆ ಹತ್ತಿದರೆ ಸಾಕು, ನಮ್ಮವರ ಬಾಯಲ್ಲಿ ಕಾಯಕ, ದಾಸೋಹ ಬಂದೇ ಬರುತ್ತವೆ. ದಾಸೋಹ ದೊಡ್ಡದು, ಆದರೆ ಅಲ್ಲಿ ಕೊಟ್ಟವನು ಲೆಕ್ಕ ಕೇಳಬಾರದು. ಸಹಕಾರದಲ್ಲಿ ಕೊಟ್ಟವನು ಲೆಕ್ಕ ಕೇಳದಿದ್ದರೆ ಕೆಟ್ಟಿತು. ಅದರ ನಿಜವಾದ ನೆಂಟ ಮುಯ್ಯಾಳು. ನಾಟಿಯ ದಿನ ನಿಮ್ಮ ಮನೆಯಿಂದ ನಮ್ಮ ಗದ್ದೆಗೆ ಮೂರು ಆಳು ಬಂದರೆ, ನಿಮ್ಮ ನಾಟಿಗೆ ನಮ್ಮಲ್ಲಿಂದ ಮೂರು ಆಳು ಹೋಗಬೇಕು. ಎರಡೇ ಹೋದರೆ ಮುಂದಿನ ಮಳೆಗಾಲದವರೆಗೂ ಅದು ಮಾತಿನಲ್ಲಿ ಬರುತ್ತಿರುತ್ತದೆ. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ.

ಊರ ಕಣ್ಣೇ ಅಲ್ಲಿ ಲೆಕ್ಕದ ಪುಸ್ತಕ. ಬ್ರಿಟಿಷರು 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯ್ದೆ ತಂದಾಗ ಇದನ್ನು ಎಣಿಸಿಯೇ ತಂದಂತಿದೆ. ಹಳ್ಳಿಯ ಸಂಘಕ್ಕೆ ಹೊಣೆ ಅಪರಿಮಿತ: ಒಬ್ಬ ಸಾಲ ತೀರಿಸದಿದ್ದರೆ ಉಳಿದವರ ಆಸ್ತಿಯೂ ಅದಕ್ಕೆ ಹೊಣೆ. ಪೇಟೆಯ ಸಂಘಕ್ಕೆ ಮಾತ್ರ ಹೊಣೆಗೆ ಮಿತಿ ಹಾಕಿಕೊಳ್ಳುವ ಅವಕಾಶವಿತ್ತು. ಮರುವರ್ಷ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದಾಗ ಸೇರಿದವರು ಒಬ್ಬರ ಹೊಲದ ಬದು ಇನ್ನೊಬ್ಬರಿಗೆ ಗೊತ್ತಿದ್ದವರು. ಪೇಟೆಯವರನ್ನು ಕಾಯ್ದೆ ಅಷ್ಟು ನಂಬಲಿಲ್ಲ. ಇನ್ನೊಂದು ಮಾತನ್ನೂ ಅದು ಸೇರಿಸಿತ್ತು: ಸಂಘ ಕಟ್ಟುವ ಹತ್ತು ಜನ ಒಂದೇ ಊರಿನವರಾಗಿರಬೇಕು, ಇಲ್ಲವೇ ರಿಜಿಸ್ಟ್ರಾರರ ಒಪ್ಪಿಗೆಯಿಂದ ಒಂದೇ ಬುಡಕಟ್ಟು, ವರ್ಗ ಅಥವಾ ಜಾತಿಯವರಾಗಿರಬಹುದು.

ಬೆಂಗಳೂರು ಆ ಎರಡನೆಯ ಬಾಗಿಲಿನಿಂದಲೇ ಹೆಚ್ಚಾಗಿ ಒಳಬಂತು. ಹಳೆಯ ಬಡಾವಣೆಗಳಲ್ಲಿ ಪತ್ತಿನ ಸಂಘಗಳ ಬೋರ್ಡುಗಳನ್ನು ಓದುತ್ತ ನಡೆಯಿರಿ. ಹೆಸರಿನಲ್ಲಿರುವ ದೇವರೋ ಗುರುವೋ ಅದು ಯಾರ ಸಂಘವೆಂದು ಎಷ್ಟೋ ಸಲ ಹೇಳಿಬಿಡುತ್ತಾನೆ. ಬ್ಯಾಂಕಿನವರು ಹತ್ತಿರ ಸೇರಿಸದ ಕಾಲದಲ್ಲಿ ಇವು ಮಗಳ ಮದುವೆಗೆ, ಮಗನ ಫೀಸಿಗೆ ಸಾಲ ಕೊಟ್ಟಿವೆ; ಅದನ್ನು ಹಗುರ ಮಾಡಿ ಮಾತಾಡುವುದು ಕೃತಘ್ನತೆ. ಆದರೆ ಜಾತಿಯ ನಂಬಿಕೆಗೆ ಒಂದು ರೋಗವಿದೆ. ಅಲ್ಲಿ ಲೆಕ್ಕ ಕೇಳಿದರೆ ಅವಮಾನ ಮಾಡಿದಂತೆ: "ನಮ್ಮವರನ್ನೇ ಅನುಮಾನಿಸ್ತೀಯಲ್ಲಪ್ಪಾ?" ಊರಲ್ಲಿ ನಂಬಿಕೆಯೂ ಕಣ್ಣೂ ಜೊತೆಗಿದ್ದವು; ಪೇಟೆಗೆ ನಂಬಿಕೆಯೊಂದೇ ಬಸ್ಸು ಹತ್ತಿ ಬಂತು. ಜಾತಿಯ ಹಂಗಿಲ್ಲದ ಕಡೆಯೂ ನಮ್ಮ ಅಭ್ಯಾಸ ಅದೇ, ಹಣವಿಟ್ಟು ಪಾಸ್‌ಬುಕ್ ಮಡಿಚಿಡುವುದು. 2020ರ ಜನವರಿಯಲ್ಲಿ ನಗರದ ಒಂದು ಸಹಕಾರಿ ಬ್ಯಾಂಕಿನ ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದು ರಿಸರ್ವ್ ಬ್ಯಾಂಕ್ ಕಟ್ಟುಹಾಕಿದಾಗ ಕಂಗಾಲಾದವರಲ್ಲಿ ಬಹಳ ಮಂದಿ ಪಿಂಚಣಿದಾರರು. ಅಲ್ಲಿಯವರೆಗೆ ಅವರಿಗೆ ಬಡ್ಡಿ ತಪ್ಪದೆ ಬರುತ್ತಿತ್ತು, ಅಷ್ಟೇ ಗೊತ್ತಿತ್ತು.

ಗೃಹನಿರ್ಮಾಣ ಸಂಘಗಳ ಕತೆ ಹೇಳುವುದೇ ಬೇಡ ಎನ್ನಿಸುತ್ತದೆ. ಅವು ಕಾರ್ಖಾನೆಯಲ್ಲಿ ಒಟ್ಟಿಗೆ ಕಾರ್ಡು ಪಂಚ್ ಮಾಡುತ್ತಿದ್ದವರು ಕಟ್ಟಿಕೊಂಡವು. ನಗರದ ಎಷ್ಟೋ ಬಡಾವಣೆಗಳಿಗೆ ಇವತ್ತಿಗೂ ಆ ಕಾರ್ಖಾನೆಗಳದ್ದೇ ಹೆಸರು. ಸೈಟು ಕೈಗೆ ಬಂದ ದಿನ ಸದಸ್ಯನ ಕೆಲಸ ಮುಗಿಯಿತು; ಅದು ಹೇಗೆ ಬಂತೆಂದು ಕೇಳುವವರಿಲ್ಲ. ರೈತರ ಜಮೀನು ಬಿಡಿಸಿಕೊಡಲು ಮಧ್ಯವರ್ತಿಗಳಿಗೆ ಸಂಘವೊಂದು ದುಡ್ಡು ಸುರಿದದ್ದನ್ನು ಕಂಡು 1995ರಲ್ಲಿ ಸುಪ್ರೀಂ ಕೋರ್ಟು ಇಡೀ ಭೂಸ್ವಾಧೀನವನ್ನೇ ರದ್ದು ಮಾಡಿತು. ಗೆದ್ದ ದಿನವೇ ಸಾಯುವ ಸಹಕಾರ ಅದು.

ಹಾಗಾದರೆ ಊರಿನ ಹಾಗೆ ಒಬ್ಬರನ್ನೊಬ್ಬರು ಬಲ್ಲ ನಗರ ಕಟ್ಟಬೇಕೆ? ಸಮುದಾಯ, ನೆರೆಹೊರೆ ಎಂದು ಕಣ್ಣರಳಿಸಿ ಮಾತಾಡುವವರಿಗೆ ಇಲ್ಲೊಂದು ತಕರಾರು ಹೇಳಬೇಕು. ಊರು ಬಿಟ್ಟು ಬಂದವರಲ್ಲಿ ಬಹಳ ಜನ ಬಂದದ್ದು ಆ ಕಣ್ಣುಗಳಿಂದ ತಪ್ಪಿಸಿಕೊಳ್ಳಲು. ಕೇರಿಯ ಹೆಸರಿನಿಂದಲೇ ಗುರುತಿಸಿಕೊಂಡವನಿಗೆ, ಗಂಡನ ಮನೆ ಬಿಟ್ಟು ಬಂದವಳಿಗೆ, ಮೆಜೆಸ್ಟಿಕ್ಕಿನಲ್ಲಿ ಇಳಿದಾಗ 'ನೀನು ಯಾರ ಪೈಕಿ' ಎಂದು ಕೇಳುವವರಿಲ್ಲದ್ದೇ ಮೊದಲ ಉಸಿರು. ಅಂಗಡಿಯ ದೊಡ್ಡ ಗುಣವೂ ಇದೇ: ದುಡ್ಡು ಕೊಟ್ಟರೆ ಮುಗಿಯಿತು, ಸಂಬಂಧ ಬೇಡ. ಸಹಕಾರದ ಹೆಸರಿನಲ್ಲಿ ಮತ್ತೆ ಅದೇ ಪರಿಚಯದ ಬಲೆಗೆ ಬನ್ನಿ ಎಂದರೆ ಅವರು ಯಾಕೆ ಬರಬೇಕು?

ಬರಬೇಕಿಲ್ಲ. ನನಗೆ ಈಗ ಅನ್ನಿಸುವುದು, ಸಹಕಾರಕ್ಕೆ ಪರಿಚಯ ಬೇಕೇ ಇಲ್ಲ, ಲೆಕ್ಕ ಬೇಕು. ಪರಿಚಯ ಲೆಕ್ಕಕ್ಕೆ ಊರಿನವರು ಕಂಡುಕೊಂಡ ಅಗ್ಗದ ಉಪಾಯವಷ್ಟೆ. ಸಹಕಾರವನ್ನು ನಾವು ಹಳ್ಳಿಯ ಆಸ್ತಿ ಎಂದುಕೊಂಡಿದ್ದೇವೆ. ಅದರ ಇವತ್ತಿನ ನಿಯಮಗಳು ರೂಪಗೊಂಡದ್ದು ಹತ್ತಿ ಗಿರಣಿಗಳ ಹೊಗೆಯಲ್ಲಿ. 1844ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದ 28 ಜನ, ನೇಕಾರರು ಮತ್ತು ಇತರ ಕಸುಬಿನವರು, 28 ಪೌಂಡು ಕೂಡಿಹಾಕಿ ಅಂಗಡಿ ತೆರೆದರು. ಮಾಲು ಏನು? ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಹಿಟ್ಟು, ಒಂದಿಷ್ಟು ಮೇಣದ ಬತ್ತಿ. ಅವರ ಕಟ್ಟಳೆಗಳನ್ನು ನೋಡಿ: ಕೈಯಲ್ಲಿ ಕಾಸು ಇದ್ದರೆ ಮಾತ್ರ ವ್ಯಾಪಾರ, ಉದ್ರಿ ಇಲ್ಲ. ಷೇರು ಎಷ್ಟೇ ಇರಲಿ, ತಲೆಗೊಂದೇ ಮತ. ಧರ್ಮ, ರಾಜಕೀಯ ಯಾವುದಾದರೂ ಆಗಲಿ, ಕೇಳುವಂತಿಲ್ಲ. ಕೊಂಡದ್ದಕ್ಕೆ ತಕ್ಕಂತೆ ಲಾಭದ ಪಾಲು. ಉದ್ರಿ ಕೊಡದ ಅಂಗಡಿಗೆ ಗಿರಾಕಿಯ ಚಾಳಿ ಗೊತ್ತಿರಬೇಕಿಲ್ಲ. ಅಪರಿಚಿತರು ಅಪರಿಚಿತರಾಗಿಯೇ ಉಳಿದು ಕೂಡಿ ಬಾಳಲು ಬೇಕಾದಷ್ಟೇ ನಿಯಮ. ಅದಕ್ಕಿಂತ ಒಂದು ಎಳೆ ಹೆಚ್ಚಿಲ್ಲ.

ಆದರೆ ಲೆಕ್ಕ ಕೇಳಲು ಹೊತ್ತು ಬೇಕು. ನಗರ ಮೊದಲು ಕಿತ್ತುಕೊಳ್ಳುವುದೇ ಅದನ್ನು. ಎರಡು ಗಂಟೆ ಸಿಲ್ಕ್ ಬೋರ್ಡಿನ ಕಡೆ ಟ್ರಾಫಿಕ್ಕಿನಲ್ಲಿ ಕಳೆದವನು ಭಾನುವಾರ ಹನ್ನೊಂದನೇ ಪುಟ ತೆರೆದು ಕೂರುವುದು ಕಷ್ಟ. ಮಹಾಸಭೆಗೆ ಬಾರದವರಿಗೆ ಮತವಿಲ್ಲ ಎಂದು ಕರ್ನಾಟಕದ ಸಹಕಾರ ಸಂಘಗಳ ಕಾಯ್ದೆಗೆ ತಿದ್ದುಪಡಿ ಬಂತು. ಅದರಿಂದ ಸಭೆಗಳು ತುಂಬಿದವೋ ಇಲ್ಲವೋ, ಸಂಘದ ಚುನಾವಣೆ ಬಂತೆಂದರೆ ಅನರ್ಹ ಮತದಾರರ ಪಟ್ಟಿ ಹಿಡಿದು ಹೈಕೋರ್ಟಿಗೆ ಹೋಗುವುದಂತೂ ವಾಡಿಕೆಯಾಯಿತು.

ಹಾಗಾಗಿ ನಗರದಲ್ಲಿ ಉಳಿಯುವ ಸಹಕಾರ ಯಾವುದೆಂದರೆ, ಸಭೆಗೆಂದು ಬೇರೆ ಹೊತ್ತು ಬೇಡದ್ದು. ದಿನದ ದುಡಿಮೆಯಲ್ಲೇ ಎಲ್ಲರೂ ಹಾಜರಿರುವಂಥದ್ದು. ಕಾಫಿ ಬೋರ್ಡು ತನ್ನ ಕಾಫಿ ಹೌಸುಗಳನ್ನು ಮುಚ್ಚಹೊರಟಾಗ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳತ್ವದಲ್ಲಿ ಕೆಲಸಗಾರರು ಸಂಘ ಕಟ್ಟಿಕೊಂಡರಲ್ಲ, ಆ ಸಂಘಗಳಲ್ಲಿ ಮೊದಲನೆಯದು 1957ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು. ಪೇಟ ಕಟ್ಟಿ, ನಡುಪಟ್ಟಿ ಬಿಗಿದು, ಕಟ್ಲೆಟ್ ತಂದಿಡುವವರೇ ಒಡೆಯರು. ಎಂ.ಜಿ. ರಸ್ತೆಯಲ್ಲಿ ಅರ್ಧ ಶತಮಾನದ ಹತ್ತಿರ ನಡೆಸಿದರು. ಕಾಫಿ ಅವರದು, ಲೆಕ್ಕ ಅವರದು. ಕಟ್ಟಡ ಮಾತ್ರ ಅವರದಲ್ಲ. 2009ರಲ್ಲಿ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಸರಿಯಬೇಕಾಯಿತು. ನಗರದ ಸಹಕಾರಕ್ಕೆ ಸ್ವಾರ್ಥಕ್ಕಿಂತ ದೊಡ್ಡ ಶತ್ರು ಬಾಡಿಗೆ ಎಂದು ನನಗೆ ಖಾತ್ರಿಯಾದದ್ದು ಅದನ್ನು ಕಂಡು.

ಹಣ್ಣು ತರಕಾರಿ ಮಾರುವ ಹಾಪ್‌ಕಾಮ್ಸ್ ಇಷ್ಟು ಕಾಲ ಬದುಕಿದ್ದಕ್ಕೆ ಕಾರಣ ಕಾಲೂರಲು ಸಿಕ್ಕ ನೆಲ. ತೋಟಗಾರಿಕೆ ಇಲಾಖೆಯ ಡಾ. ಎಂ.ಎಚ್. ಮರೀಗೌಡರ ಕಾಲದಲ್ಲಿ, 1959ರಲ್ಲಿ, ದ್ರಾಕ್ಷಿ ಬೆಳೆಗಾರರ ಸಂಘವಾಗಿ ಹುಟ್ಟಿದ್ದು ಪಾರ್ಕಿನ ಮೂಲೆ, ಆಸ್ಪತ್ರೆಯ ಆವರಣ, ಕಚೇರಿಯ ಗೇಟಿನ ಪಕ್ಕ ಮಳಿಗೆ ಇಟ್ಟುಕೊಂಡು ಬೆಳೆಯಿತು. ಎಲ್ಲ ಕಡೆ ಆ ದಿನದ ಬೆಲೆಪಟ್ಟಿ ಒಂದೇ; ಚೌಕಾಸಿ ಮಾಡಲು ಬಾರದ ನನ್ನಂಥವನಿಗೆ ದೊಡ್ಡ ನೆಮ್ಮದಿ. ರಸ್ತೆ ಅಗಲೀಕರಣಕ್ಕೆ, ಮೆಟ್ರೊ ಕಾಮಗಾರಿಗೆ ಕೆಲವು ಮಳಿಗೆ ಎದ್ದುಹೋದಾಗ ನಾವು ಗೊಣಗಲೂ ಇಲ್ಲ. ಅದು ಸರ್ಕಾರದ ಅಂಗಡಿ ಎಂದೇ ಬಹಳ ಜನ ತಿಳಿದಿದ್ದಾರೆ. ಬೆಳೆಗಾರ ಸದಸ್ಯ, ನಾವು ಗಿರಾಕಿಗಳು. ಗಿರಾಕಿಗೆ ಅಂಗಡಿ ಮುಚ್ಚಿದರೆ ಇನ್ನೊಂದು ಅಂಗಡಿ.

ಮೊಬೈಲಿನಲ್ಲಿ ಬಾಡಿಗೆಯ ಕಾಟವಿಲ್ಲ ಎನ್ನುತ್ತಾರೆ. 2022ರಲ್ಲಿ ಬೆಂಗಳೂರಿನ ಆಟೊ ಚಾಲಕರ ಯೂನಿಯನ್ನಿನ ಬೆಂಬಲದಿಂದ ಬಂದ ನಮ್ಮ ಯಾತ್ರಿ ಆ್ಯಪ್, ಸವಾರಿಯ ದುಡ್ಡಿನಲ್ಲಿ ಕಮಿಷನ್ ಕತ್ತರಿಸುವ ಪದ್ಧತಿಯನ್ನೇ ಬಿಟ್ಟಿತು. ಮುಂದೆ ಚಾಲಕರಿಂದ ದಿನಕ್ಕೆ 25 ರೂಪಾಯಿ, ಇಲ್ಲವೇ ಸವಾರಿಗೆ 3.50 ರೂಪಾಯಿ ಚಂದಾ ತೆಗೆದುಕೊಳ್ಳತೊಡಗಿತು. ಎಷ್ಟು ಸವಾರಿ, ಚಾಲಕರಿಗೆ ಎಷ್ಟು ಸಂಪಾದನೆ, ಎಲ್ಲವನ್ನೂ ಬಯಲಿನಲ್ಲಿಟ್ಟಿತು. ಇದು ಸಣ್ಣ ಮಾತಲ್ಲ. ಆದರೆ ತಂತ್ರಾಂಶ ಕಟ್ಟಿದ್ದು ಖಾಸಗಿ ಕಂಪನಿ. ಲೆಕ್ಕ ತೋರಿಸುವುದು ಬೇರೆ, ಲೆಕ್ಕ ಕೇಳಿಸಿಕೊಳ್ಳುವುದು ಬೇರೆ. ಚಂದಾ ನಾಳೆ ಐವತ್ತಾದರೆ ಚಾಲಕ ಆ್ಯಪ್ ಅಳಿಸಬಹುದು, ಕೈ ಎತ್ತಲಾರ. ಒಳ್ಳೆಯ ದಣಿಯೂ ದಣಿಯೇ.

ದಣಿಯಿಲ್ಲದೆ ನಡೆದವರೂ ಇದ್ದಾರೆ. ಪುಣೆಯಲ್ಲಿ ಕಸ ಆಯುವವರು 1993ರಲ್ಲಿ ಯೂನಿಯನ್ ಕಟ್ಟಿ, ಹದಿನಾಲ್ಕು ವರ್ಷದ ನಂತರ ಸ್ವಚ್ಛ್ ಎಂಬ ತಮ್ಮದೇ ಸಹಕಾರ ಸಂಘ ಮಾಡಿಕೊಂಡು ಮನೆಮನೆಯ ಕಸದ ಕೆಲಸವನ್ನು ಪಾಲಿಕೆಯಿಂದ ಪಡೆದರು. ಬೆಂಗಳೂರಿನಲ್ಲಿ ಕೆಲಸ ಅಷ್ಟು ದೂರ ಬಂದಿಲ್ಲ. ಆದರೂ ಹಸಿರು ದಳದಂಥ ಸಂಸ್ಥೆಗಳ ಓಡಾಟದಿಂದ ಚಿಂದಿ ಆಯುತ್ತಿದ್ದವರಿಗೆ ಪಾಲಿಕೆಯ ಗುರುತಿನ ಚೀಟಿ ಸಿಕ್ಕಿತು. ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಕೆಲವನ್ನು ಅವರೇ ನಡೆಸುತ್ತಾರೆ. ಅಂಥದ್ದೊಂದು ತಗಡಿನ ಷೆಡ್ಡಿನಲ್ಲಿ ನಾನು ಒಂದು ಮಧ್ಯಾಹ್ನ ಕಳೆದೆ. ಹಾಲಿನ ಕವರು ಒಂದು ಚೀಲ, ನೀರಿನ ಬಾಟಲಿ ಒಂದು ಚೀಲ, ರಟ್ಟು ಒಂದು ಕಡೆ. ಒಬ್ಬಾಕೆ ಪ್ಲಾಸ್ಟಿಕ್ಕನ್ನು ಕಿವಿಯ ಹತ್ತಿರ ಹಿಸುಕಿ, ಸದ್ದಿನಿಂದಲೇ ಯಾವ ಚೀಲಕ್ಕೆಂದು ಎಸೆಯುತ್ತಿದ್ದರು. ಮಾಲು ಕೊಳ್ಳುವವನ ಲಾರಿ ಬಂತು. ತೂಕದ ಯಂತ್ರದ ಮೇಲೆ ಚೀಲ ಇಟ್ಟು ಅವನು ಒಂದು ಅಂಕಿ ಹೇಳಿದ. ಆಕೆಗೆ ಓದು ಬರಹ ಇಲ್ಲ. ಆದರೆ ಅಂಕಿ ಗೊತ್ತು. "ಅಣ್ಣಾ, ಇನ್ನೊಂದ್ ಸಲ ಇಡು" ಎಂದರು. ಅವನು ಮುಖ ಗಂಟಿಕ್ಕಿ ಮತ್ತೆ ಇಟ್ಟ. ಸುತ್ತ ಇದ್ದ ಐದಾರು ಜನ ಕೆಲಸ ನಿಲ್ಲಿಸಿ ಬಂದು ಅಂಕಿ ನೋಡಿದರು. ಯಾರೂ ನಗಲಿಲ್ಲ. ಆಮೇಲೆ ವಿಚಾರಿಸಿದೆ: ಅವರಲ್ಲಿ ಇಬ್ಬರು ತಮಿಳಿನವರು, ಒಬ್ಬರು ರಾಯಚೂರು ಕಡೆಯವರು, ಇನ್ನೊಬ್ಬರು ಬಂಗಾಳದ ಕಡೆಯವರು. ಷೆಡ್ಡು ಪಾಲಿಕೆಯದು. ನಗರ ಇವರಿಗೆ ಕೊಟ್ಟದ್ದು ಅಷ್ಟೇ, ಇರಲೊಂದು ಜಾಗ. ಉಳಿದದ್ದನ್ನು ಆ ತೂಕದ ಯಂತ್ರದ ಸುತ್ತ ಅವರೇ ನೋಡಿಕೊಳ್ಳುತ್ತಿದ್ದರು.

ಈ ವರ್ಷದ ವರದಿ ಮೊನ್ನೆ ಅಂಚೆಯಲ್ಲಿ ಬಂತು. ಇತರೆ ಖರ್ಚು ಈ ಸಲ ಹದಿಮೂರನೇ ಪುಟಕ್ಕೆ ಹೋಗಿದೆ, ಮೊತ್ತ ಸ್ವಲ್ಪ ಬೆಳೆದಿದೆ. ಕೊನೆಯ ಪುಟದಲ್ಲಿ, ವರ್ಷದಲ್ಲಿ ತೀರಿಕೊಂಡ ಸದಸ್ಯರ ಪಟ್ಟಿ. ಮಫ್ಲರಿನ ಹಿರಿಯರು ಅದರಲ್ಲಿದ್ದಾರೋ ಎಂದು ಬೆರಳಿಟ್ಟು ನೋಡುತ್ತ ಹೋದವನಿಗೆ, ಅವರ ಹೆಸರು ನಾನು ಕೇಳಿಯೇ ಇಲ್ಲ ಎಂಬುದು ಅರ್ಧ ಪಟ್ಟಿ ಮುಗಿದ ಮೇಲೆ ಹೊಳೆಯಿತು. ಸಭೆ ಬರುವ ಭಾನುವಾರ, ಹತ್ತೂವರೆಗೆ. ಈ ಸಲ ಡಬ್ಬಿ ಅಲ್ಲ, ಕುಕ್ಕರ್ ಅಂತೆ.