ದಯೆಯೂ ಒಂದು ಕಾಯಕ

ಮಣ್ಣೆತ್ತಿನ ಅಮಾವಾಸ್ಯೆಯಂದು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಮಣ್ಣಿನ ಜೋಡೆತ್ತುಗಳನ್ನು ಮಾಡಿ, ಜಗುಲಿಯ ಮೇಲಿರಿಸಿ, ವಿಭೂತಿಯನ್ನು ಹಚ್ಚಿ, ಹೂವೇರಿಸಿ, ನೈವೇದ್ಯ ಸಲ್ಲಿಸುವರು. ಪೂಜೆಯು ಚಂದವೇ, ಅದರಲ್ಲಿ ದೋಷವೆಣಿಸಬೇಕಾದುದೇನೂ ಇಲ್ಲ. ಆದರೆ ಅದೇ ಮನೆಯ ಕೊಟ್ಟಿಗೆಯಲ್ಲಿ ನೊಗದ ಭಾರದಿಂದ ಹೆಗಲು ಹುಣ್ಣಾದ ಎತ್ತೊಂದು ನಿಂತಿದ್ದು, ಆ ಹುಣ್ಣಿನ ಮೇಲೆ ನೊಣಗಳು ಮುತ್ತುತ್ತಿದ್ದರೆ, ಮಣ್ಣಿನ ಎತ್ತಿಗೆ ಸಲ್ಲಿಸಿದ ಪೂಜೆಯು ಯಾರಿಗೆ ಸಂದೀತು? ಉಣ್ಣದ ಎತ್ತಿಗೆ ನೈವೇದ್ಯ, ಉಣ್ಣುವ ಎತ್ತಿಗೆ ಬಾರುಕೋಲು ಎಂಬಂತಾದರೆ ಅದನ್ನು ಭಕ್ತಿಯೆಂದು ಕರೆಯುವುದು ಹೇಗೆ?

ಬಸವಣ್ಣನವರು ಹಬ್ಬಕ್ಕೆಂದು ತಂದ ಕುರಿಯೊಂದನ್ನು ತಮ್ಮ ವಚನದಲ್ಲಿ ಚಿತ್ರಿಸಿದ್ದಾರೆ. ತನ್ನ ಸಾವು ಸಮೀಪಿಸಿದೆಯೆಂಬುದನ್ನು ಅರಿಯದ ಆ ಮೂಕಪ್ರಾಣಿಯು ಅಲಂಕಾರಕ್ಕೆಂದು ತಂದ ಹಸುರೆಲೆಯನ್ನೇ ಮೇಯುತ್ತದೆ. ಆ ಹಸಿವನ್ನೂ ಆ ಅರಿಯದಿರುವಿಕೆಯನ್ನೂ ಕಂಡ ಕಣ್ಣು ಎಂತಹದು! ಹಬ್ಬದ ಗದ್ದಲದಲ್ಲಿ ನೂರಾರು ಜನರು ಆ ಕುರಿಯನ್ನು ನೋಡಿದ್ದಿರಬೇಕು. ಅದರ ಹಸಿವನ್ನು ಕಂಡವರು ಅಣ್ಣನವರು. ದಯೆಯು ಮೊದಲಾಗುವುದು ಹೀಗೆ ಕಾಣುವುದರಿಂದ. ಆದರೆ ಅದು ಕಾಣುವುದರಲ್ಲಿಯೇ ಮುಗಿಯತಕ್ಕದ್ದಲ್ಲ. ಶರಣರು ಭಕ್ತಿಯನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಹಾಗೆಯೇ ದಯೆಯನ್ನೂ ಕಾಯಕದಿಂದ ಬೇರ್ಪಡಿಸಲಾಗದು. ಮನಸ್ಸಿನಲ್ಲಿ ಹುಟ್ಟಿದ ಕನಿಕರವು ಕೈಗಿಳಿದು ನಿತ್ಯದ ದುಡಿಮೆಯಾದಾಗ ಮಾತ್ರ ಅದಕ್ಕೆ ಧರ್ಮವೆಂಬ ಹೆಸರು ಒಪ್ಪುತ್ತದೆ. ಈ ಮಾತಿಗೆ ನಿದರ್ಶನವಾಗಿ ನೆರೆಯ ನಾಡಿನ ಒಂದು ಪ್ರಾಣಿದಯಾ ಸಂಘದ ಚರಿತ್ರೆಯನ್ನು ನೋಡಬಹುದು.

1959ರಲ್ಲಿ, ಇಂದು ಚೆನ್ನೈ ಎನಿಸಿರುವ ಮದರಾಸು ನಗರದಲ್ಲಿ ಭಾರಿ ಮಳೆಯಾಗಿ ಬೀದಿಗಳು ಹೊಳೆಯಂತೆ ಹರಿಯುತ್ತಿದ್ದವು. ತ್ಯಾಗರಾಯನಗರದ ನೆರೆನೀರಿನಲ್ಲಿ ಎರಡು ನಾಯಿಮರಿಗಳು ಕೊಚ್ಚಿಹೋಗುತ್ತಿದ್ದುದನ್ನು ಕ್ಯಾಪ್ಟನ್ ವಿ. ಸುಂದರಂ ಎಂಬವರು ಕಂಡು, ಅವುಗಳನ್ನು ಎತ್ತಿಕೊಂಡು ಮನೆಗೆ ತಂದರು. ಇವರು ಹೆಸರಾಂತ ವಿಮಾನ ಚಾಲಕರು. ಬೆಂಗಳೂರಿನ ಜಕ್ಕೂರಿನಲ್ಲಿ ಸರಕಾರದ ವಿಮಾನ ತರಬೇತಿ ಶಾಲೆಯನ್ನು ನಡೆಸಿದವರು. ಪತ್ನಿ ಉಷಾ ಸುಂದರಂ ಅವರೂ ಆ ಶಾಲೆಯಲ್ಲಿಯೇ ಕಲಿತು ವಿಮಾನ ನಡೆಸಿದ ಧೀರ ಮಹಿಳೆ. ಆಕಾಶದಲ್ಲಿ ಸಂಚರಿಸಿದ ಈ ದಂಪತಿಗಳು ಬೀದಿಯ ಕೆಸರಿನಲ್ಲಿದ್ದ ಜೀವಗಳಿಗೆ ತಮ್ಮ ಮನೆಯ ಬಾಗಿಲನ್ನು ತೆರೆದರು. ಮಕ್ಕಳೂ ಅವರ ಜೊತೆಗೂಡಿದರು. ಹೀಗೆ ಒಂದು ಮನೆಯಲ್ಲಿ ಆರಂಭವಾದುದೇ ಬ್ಲೂ ಕ್ರಾಸ್ ಆಫ್ ಇಂಡಿಯಾ ಎಂಬ ಸಂಘ.

ಅದೇ 1959ರಲ್ಲಿ ಕ್ರಿಸ್ಟಲ್ ರೋಜರ್ಸ್ ಎಂಬ ಆಂಗ್ಲ ಮಹಿಳೆಯು ಭಾರತಕ್ಕೆ ಬಂದರು. ಅವರು ಹೊರಟಿದ್ದುದು ಮುಂದಿನ ದೇಶಕ್ಕೆ. ದೆಹಲಿಯ ದಾರಿಬದಿಯಲ್ಲಿ ಸಾಯುತ್ತಿದ್ದ ಕುದುರೆಯೊಂದನ್ನು ಕಂಡು ಅವರು ಮುಂದಿನ ಪ್ರಯಾಣವನ್ನು ಕೈಬಿಟ್ಟು ಇಲ್ಲಿಯೇ ನಿಂತರು. ದೆಹಲಿ ಮತ್ತು ಜೈಪುರಗಳಲ್ಲಿ ಪ್ರಾಣಿಗಳ ಆಶ್ರಯಸ್ಥಾನಗಳನ್ನು ಕಟ್ಟಿದ ಮೇಲೆ 1991ರಲ್ಲಿ ಬೆಂಗಳೂರಿನಲ್ಲಿ ‘ಕುಪಾ’ ಎಂಬ ಸಂಘವನ್ನು ಸ್ಥಾಪಿಸಿದರು. ಇಬ್ಬರ ಕಥೆಯೂ ಒಂದೇ. ದಾರಿಯಲ್ಲಿ ಎಲ್ಲರೂ ನೋಡಿ ಮುಂದೆ ಹೋಗುವ ನೋವಿನ ಮುಂದೆ ಒಬ್ಬರು ನಿಂತರು. ನಿಂತವರು ಮತ್ತೆ ಹೊರಡಲಿಲ್ಲ.

ಇಂತಹ ಸಂಘಗಳಲ್ಲಿ ನಡೆಯುವ ಸೇವೆಯ ಸ್ವರೂಪವೇನು? ದೂರದಿಂದ ನೋಡುವವರಿಗೆ ಅದು ಮುದ್ದಾದ ಮರಿಗಳನ್ನು ಆಡಿಸುವ ಕೆಲಸವಾಗಿ ತೋರಬಹುದು. ಹತ್ತಿರ ಹೋದವರಿಗೆ ಸತ್ಯವು ತಿಳಿಯುತ್ತದೆ. ಗಾಡಿಯ ಗಾಲಿಗೆ ಸಿಕ್ಕ ನಾಯಿಯ ಹುಣ್ಣಿನಿಂದ ಹುಳುಗಳನ್ನು ಒಂದೊಂದಾಗಿ ಆಯುವುದು, ಕೀವನ್ನು ಒರೆಸುವುದು, ಕಜ್ಜಿ ಹತ್ತಿದ ಮೈಗೆ ಔಷಧವನ್ನು ಹಚ್ಚುವುದು, ತಾಯಿಯಿಲ್ಲದ ಮರಿಗೆ ನಡುರಾತ್ರಿಯಲ್ಲಿ ಹಾಲೂಡುವುದು, ಮಲಮೂತ್ರವನ್ನು ತೊಳೆಯುವುದು, ಬದುಕದ ಜೀವಕ್ಕೆ ಕೊನೆಯುಸಿರಿನವರೆಗೆ ಜೊತೆಯಾಗಿರುವುದು. ತಮ್ಮ ಉದ್ಯೋಗವನ್ನು ಮುಗಿಸಿಕೊಂಡು ಬರುವ ಸ್ವಯಂಸೇವಕರು ಸಂಬಳವನ್ನು ಬಯಸದೆ ಇದನ್ನು ಮಾಡುತ್ತಾರೆ. ಸೇವೆ ಪಡೆದ ಪ್ರಾಣಿಯು ಅವರನ್ನು ಹೊಗಳಲಾರದು. ನೋವಿನ ಭರದಲ್ಲಿ ಕೆಲವೊಮ್ಮೆ ಅವರನ್ನೇ ಕಚ್ಚುವುದೂ ಉಂಟು. ಹೊಗಳಿಕೆಯ ಆಸೆಯಿಲ್ಲದ ಸೇವೆಯನ್ನು ದಾಸೋಹವೆಂದು ಕರೆಯುವುದಾದರೆ, ಇದಕ್ಕಿಂತ ನಿರ್ಮಲವಾದ ದಾಸೋಹವು ವಿರಳ.

ಕಾಯಕಕ್ಕೆ ಶ್ರಮ ಮಾತ್ರವಲ್ಲದೆ ವಿವೇಕವೂ ಬೇಕು. ಮದರಾಸಿನಲ್ಲಿ ಬ್ರಿಟಿಷರ ಕಾಲದಿಂದಲೂ ಬೀದಿನಾಯಿಗಳನ್ನು ಹಿಡಿದು ಕೊಲ್ಲುವ ಕ್ರಮವಿತ್ತು. ವರ್ಷವರ್ಷವೂ ಕೊಂದರೂ ನಾಯಿಗಳು ಕಡಿಮೆಯಾಗಲಿಲ್ಲ. ಕಾರಣವೇನೆಂದರೆ, ನಾಯಿಗಳು ತಮ್ಮ ತಮ್ಮ ಬೀದಿಯನ್ನು ಕಾದುಕೊಂಡಿರುವ ಪ್ರಾಣಿಗಳು. ಒಂದು ಬೀದಿಯ ನಾಯಿಗಳನ್ನು ತೆಗೆದರೆ, ಅಲ್ಲಿಯ ತಿಪ್ಪೆಯ ಅನ್ನಕ್ಕಾಗಿ ಪಕ್ಕದ ಬೀದಿಯವು ಬಂದು ಸೇರುತ್ತವೆ. ಹೆಣ್ಣುನಾಯಿಯು ಸುಮಾರು 63 ದಿನಗಳಲ್ಲಿ ಈಯುತ್ತದೆ. ತೆರವಾದ ಸ್ಥಳವು ಬೇಗನೆ ತುಂಬುತ್ತದೆ. ಇದನ್ನು ಅರಿತ ಬ್ಲೂ ಕ್ರಾಸ್ ಸಂಘವು 1964ರಲ್ಲಿ ಬೇರೊಂದು ಮಾರ್ಗವನ್ನು ಹಿಡಿಯಿತು. ನಾಯಿಯನ್ನು ಹಿಂಸೆಯಿಲ್ಲದೆ ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆಯನ್ನು ಮಾಡಿಸಿ, ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಗಾಯ ಮಾಯುವವರೆಗೆ ಆರೈಕೆ ಮಾಡಿ, ಕಿವಿಗೆ ಗುರುತು ಮಾಡಿ, ಹಿಡಿದ ಬೀದಿಯಲ್ಲಿಯೇ ಮರಳಿ ಬಿಡುವುದು ಆ ಮಾರ್ಗ. ಹೀಗೆ ಬಿಟ್ಟ ನಾಯಿಯು ತನ್ನ ಸ್ಥಳವನ್ನು ತಾನೇ ಕಾಯುತ್ತದೆ, ಹೊಸ ನಾಯಿಗಳನ್ನು ಸೇರಿಸದು, ಮರಿಗಳನ್ನೂ ಹಾಕದು.

ನಗರಸಭೆಯು ಕೊಲ್ಲುವ ಕ್ರಮವನ್ನು ಬಿಟ್ಟು ಈ ಮಾರ್ಗವನ್ನು ಒಪ್ಪಿಕೊಂಡದ್ದು 1996ರಲ್ಲಿ. ನಡುವೆ ಸಂದದ್ದು 32 ವರ್ಷಗಳು. ಈ 32 ವರ್ಷಗಳನ್ನು ಭಕ್ತನಾದವನು ಮನಸ್ಸಿಟ್ಟು ಯೋಚಿಸತಕ್ಕದ್ದು. ಒಂದು ಕಡೆ ಸಂಘದವರು ಒಂದೊಂದೇ ನಾಯಿಗೆ ಚಿಕಿತ್ಸೆ ಮಾಡುತ್ತಿದ್ದಾಗ, ಇನ್ನೊಂದು ಕಡೆ ಅದೇ ನಗರದಲ್ಲಿ ಕೊಲೆಯು ನಡೆದೇ ಇತ್ತು. ಫಲವನ್ನು ನೋಡಿ ಕೆಲಸ ಮಾಡುವವನು ಎರಡನೆಯ ವರ್ಷದಲ್ಲಿಯೇ ಕೈಚೆಲ್ಲುತ್ತಿದ್ದನು. ಕೆಲಸವನ್ನೇ ಪೂಜೆಯೆಂದು ಬಗೆದವನು ಮಾತ್ರ ಅಷ್ಟು ಕಾಲ ನಿಲ್ಲಬಲ್ಲನು. ಮುಂದೆ 2001ರಲ್ಲಿ ಕೇಂದ್ರ ಸರಕಾರವು ಈ ಮಾರ್ಗವನ್ನೇ ಇಡೀ ದೇಶಕ್ಕೆ ನಿಯಮವನ್ನಾಗಿ ಮಾಡಿತು; 2023ರಲ್ಲಿ ಆ ನಿಯಮಗಳನ್ನು ಹೊಸದಾಗಿ ರಚಿಸಿತು.

ಕಾನೂನಿನ ಚರಿತ್ರೆಯಲ್ಲಿಯೂ ಇದೇ ತಾಳ್ಮೆಯ ಪಾಠವಿದೆ. ನೃತ್ಯಕಲೆಯಲ್ಲಿ ಹೆಸರಾದ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯರಾಗಿ ಪ್ರಾಣಿಹಿಂಸೆಯ ವಿರುದ್ಧ ಮಸೂದೆಯೊಂದನ್ನು ತಂದರು. ಸರಕಾರವೇ ಈ ಬಗೆಗೆ ಕಾನೂನನ್ನು ತರುವುದೆಂದು ಪ್ರಧಾನಿ ನೆಹರೂ ಅವರು ಭರವಸೆಯಿತ್ತ ಮೇಲೆ ಅದನ್ನು ಹಿಂದೆಗೆದುಕೊಂಡರು. 1960ರಲ್ಲಿ ಪ್ರಾಣಿಹಿಂಸಾ ಪ್ರತಿಬಂಧಕ ಕಾನೂನು ಬಂದಿತು. 1962ರಲ್ಲಿ ಸ್ಥಾಪಿತವಾದ ಪ್ರಾಣಿಕಲ್ಯಾಣ ಮಂಡಲಿಗೆ ಅವರೇ ಮೊದಲ ಅಧ್ಯಕ್ಷೆಯಾದರು. 1965ರ ನಿಯಮಗಳಂತೆ ಭಾರ ಎಳೆಯುವ ಎತ್ತನ್ನು ದಿನಕ್ಕೆ 9 ಗಂಟೆಗಳಿಗಿಂತ ಹೆಚ್ಚಾಗಿ ದುಡಿಸುವಂತಿಲ್ಲ. ಕೊಟ್ಟಿಗೆಯ ಎತ್ತಿನ ಹೆಗಲಿನ ಹುಣ್ಣನ್ನು ಕಾನೂನು ಕಂಡಿದೆ. ಮನೆಯ ಯಜಮಾನನೂ ಕಾಣಬೇಕಷ್ಟೆ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಅದನ್ನು ಹಗುರಾಗಿ ತಳ್ಳಿಹಾಕಲಾಗದು. ಬೀದಿಯಲ್ಲಿ ಆಡುತ್ತಿದ್ದ ಕೂಸನ್ನು ನಾಯಿಯು ಕಚ್ಚಿತು. ಆ ಕೂಸಿನ ತಾಯಿಯ ಮುಂದೆ ನಿಂತು ಜೀವದಯೆಯನ್ನು ಬೋಧಿಸುವುದು ಹೇಗೆ? ಆಕೆಯ ಕಣ್ಣೀರಿಗೆ ಉತ್ತರವಿಲ್ಲದ ದಯೆಯು ದಯೆಯೇ? ಈ ಪ್ರಶ್ನೆಯು ನ್ಯಾಯವಾದುದು. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಮನುಷ್ಯನು ಉಳಿಯುವುದು ಇಲ್ಲವೆಂಬಷ್ಟು ವಿರಳ. ಜಗತ್ತಿನಲ್ಲಿ ಈ ರೋಗದಿಂದ ಸಾಯುವವರಲ್ಲಿ ಬಹುದೊಡ್ಡ ಪಾಲು ಭಾರತದವರು. ಅವರಲ್ಲಿ ಬಡವರ ಮಕ್ಕಳು ಬಹಳ. ಎಲ್ಲ ಜೀವಿಗಳ ಹಿತವನ್ನು ಬಯಸುವವನೇ ಕುಲವಂತನೆಂದು ಅಣ್ಣನವರು ಸಾರಿದಾಗ, ಆ ಎಲ್ಲ ಜೀವಿಗಳಲ್ಲಿ ಕೂಸನ್ನು ಬಿಟ್ಟಿರಲಿಲ್ಲ.

ಆದುದರಿಂದ ನಾಯಿಯ ಮೇಲಿನ ದಯೆ, ಕೂಸಿನ ಮೇಲಿನ ದಯೆ ಎಂದು ಎರಡು ದಯೆಗಳಿಲ್ಲ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆಯನ್ನು ಹಾಕಿದರೆ ರೋಗದ ಸರಪಳಿಯು ಕಡಿದುಹೋಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಕರ್ನಾಟಕದ ಮಗ್ಗುಲಲ್ಲಿರುವ ಗೋವೆಯಲ್ಲಿ ಸರಕಾರವೂ ‘ಮಿಷನ್ ರೇಬೀಸ್’ ಎಂಬ ಸೇವಾಸಂಸ್ಥೆಯೂ ಕೂಡಿ ಬೀದಿಬೀದಿಯ ನಾಯಿಗಳಿಗೆ ಲಸಿಕೆ ಹಾಕುತ್ತ ಹೋದವು. 2021ರಲ್ಲಿ ಆ ರಾಜ್ಯವು ಹುಚ್ಚುನಾಯಿ ರೋಗವನ್ನು ಹತೋಟಿಗೆ ತಂದ ಮೊದಲ ರಾಜ್ಯವೆಂದು ಘೋಷಿತವಾಯಿತು. ನಾಯಿಯ ತೊಡೆಗೆ ಚುಚ್ಚಿದ ಸೂಜಿಯು ಕೂಸಿನ ಪ್ರಾಣವನ್ನು ಕಾಯಿತು. ಇನ್ನು ಯಾರಿಗಾದರೂ ನಾಯಿ ಕಚ್ಚಿದಲ್ಲಿ, ಕೂಡಲೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷಗಳ ಕಾಲ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಹಾಕಿಸಿಕೊಳ್ಳತಕ್ಕದ್ದು. ಸುಣ್ಣ, ಮೆಣಸಿನಪುಡಿಗಳನ್ನು ಗಾಯಕ್ಕೆ ಹಚ್ಚಿ, ಮಂತ್ರ ಹಾಕಿಸಿ ಕಾಲಹರಣ ಮಾಡುವುದು ಜೀವವನ್ನು ಕೈಯಾರೆ ಚೆಲ್ಲಿದಂತೆ.

2025ರಲ್ಲಿ ಈ ವಿಷಯವು ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆಯೂ ಬಂದಿತು. ದೆಹಲಿಯ ಬೀದಿನಾಯಿಗಳನ್ನೆಲ್ಲ ಆಶ್ರಯಸ್ಥಾನಗಳಿಗೆ ಸಾಗಿಸಬೇಕೆಂದು ಆಗಸ್ಟ್ 11ರಂದು ಆಜ್ಞೆಯಾಯಿತು. ಚಿಕಿತ್ಸೆ ಮತ್ತು ಲಸಿಕೆಗಳಾದ ನಾಯಿಗಳನ್ನು, ರೋಗವಿರುವವು ಹಾಗೂ ಮೇಲೆರಗುವ ಸ್ವಭಾವದವುಗಳ ಹೊರತು, ಅವುಗಳ ಸ್ಥಳಕ್ಕೆ ಮರಳಿ ಬಿಡಬಹುದೆಂದು ಆಗಸ್ಟ್ 22ರಂದು ಅದು ತಿದ್ದುಪಡಿಗೊಂಡಿತು. ಶಾಲೆ, ಆಸ್ಪತ್ರೆ, ನಿಲ್ದಾಣಗಳಂಥ ಸ್ಥಳಗಳಲ್ಲಿ ಹಿಡಿದವನ್ನು ಅಲ್ಲಿಗೆ ಮರಳಿ ಬಿಡಬಾರದೆಂದು ನವೆಂಬರಿನಲ್ಲಿ ಇನ್ನೊಂದು ಆಜ್ಞೆ ಬಂದಿತು. ನ್ಯಾಯಪೀಠವು ಅಳೆದು ತೂಗುತ್ತಿದ್ದುದು ಕೂಸಿನ ಭಯವನ್ನೂ ಮೂಕಪ್ರಾಣಿಯ ಬದುಕನ್ನೂ. ಎರಡು ತಟ್ಟೆಗಳನ್ನೂ ಸಮವಾಗಿ ಹಿಡಿಯಬೇಕಾದರೆ ಬೀದಿಯಲ್ಲಿ ಕೆಲಸ ಮಾಡುವ ಕೈಗಳು ಬೇಕು. ಬರಿಯ ವಾದದಿಂದ ಅದು ಸಾಧ್ಯವಿಲ್ಲ.

ದಯೆಗೆ ಮಿತಿಯೂ ಬೇಕೆಂದರೆ ಕೆಲವರಿಗೆ ಆಶ್ಚರ್ಯವಾದೀತು. ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದುತಂದಾಗ, ಸತಿ ಲಕ್ಕಮ್ಮನು ಅದನ್ನು ಒಪ್ಪದೆ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆಯು ಪ್ರಸಿದ್ಧವಾದುದಷ್ಟೆ. ದಾಸೋಹಕ್ಕೆಂದು ತಂದುದಾದರೂ ಅಳತೆ ಮೀರಿದುದು ಆಸೆಯೆಂಬುದು ಆಕೆಯ ತೀರ್ಪು. ಪ್ರಾಣಿಸೇವೆಯಲ್ಲಿಯೂ ಇದು ಸತ್ಯ. ಹತ್ತು ಜೀವಗಳನ್ನು ಸಾಕಬಲ್ಲ ಸ್ಥಳದಲ್ಲಿ ನೂರನ್ನು ತಂದು ತುಂಬಿದರೆ, ಒಂದರ ರೋಗವು ಇನ್ನೊಂದಕ್ಕೆ ಹತ್ತಿ, ಆಶ್ರಯಸ್ಥಾನವೇ ಸಂಕಟಸ್ಥಾನವಾಗುವುದು. ತನ್ನಿಂದ ಆಗುವಷ್ಟನ್ನು ಶುದ್ಧವಾಗಿ ಮಾಡುವುದು, ಆಗದುದಕ್ಕೆ ಮತ್ತೊಬ್ಬರನ್ನು ಕರೆಯುವುದು. ಸಂಘವೆಂಬುದು ಹುಟ್ಟುವುದೇ ಇದಕ್ಕಾಗಿ. ಒಬ್ಬನ ಕೈಯಲ್ಲಿ ಅಳತೆ ಮೀರುವ ಭಾರವು ಹಲವು ಕೈಗಳಲ್ಲಿ ಹಗುರಾಗುತ್ತದೆ. ಬೀದಿನಾಯಿಗೆ ಅನ್ನವಿಕ್ಕುವ ಭಕ್ತನೂ ಈ ಅಳತೆಯನ್ನು ಮರೆಯಬಾರದು. ಮಕ್ಕಳು ಓಡಾಡುವ ದಾರಿಯನ್ನು ಬಿಟ್ಟು ಬದಿಯಲ್ಲಿ ಅನ್ನವನ್ನು ಇಟ್ಟು, ಉಳಿದುದನ್ನು ಗುಡಿಸಿ, ಆ ನಾಯಿಗೆ ಲಸಿಕೆಯಾಗಿದೆಯೇ ಎಂದು ವಿಚಾರಿಸುವುದು ಅವನ ಕಾಯಕದೊಳಗಿನ ಕೆಲಸವೇ ಆಗಿದೆ.

ಈ ಸೇವೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಚಿಕಿತ್ಸೆಯಾದ ನಾಯಿಯನ್ನು ಸ್ವಯಂಸೇವಕನು ತನ್ನದೆಂದು ಇಟ್ಟುಕೊಳ್ಳುವುದಿಲ್ಲ. ಹಲವು ದಿನ ಊಡಿ, ಗಾಯ ತೊಳೆದು, ಹೆಸರಿಟ್ಟು ಕರೆದು, ಕೊನೆಗೆ ಅದರ ಬೀದಿಯಲ್ಲಿ ಬಿಟ್ಟು ಹಿಂತಿರುಗುತ್ತಾನೆ. ಕಳ್ಳರು ತಮ್ಮ ಹಸುಗಳನ್ನು ಹೊಡೆದುಕೊಂಡು ಹೋದಾಗ, ತಾಯಿಯಿಲ್ಲದೆ ಕರುಗಳು ಅಳುವುವೆಂದು ಆ ಕರುಗಳನ್ನೂ ಅವರಿಗೇ ಒಪ್ಪಿಸುವಂತೆ ಬಸವಣ್ಣನವರು ಹೇಳಿದರೆಂಬ ಕಥೆಯು ಜನರ ಬಾಯಲ್ಲಿದೆ. ಹಸು ಯಾರದೆಂಬ ಚಿಂತೆಯು ಅವರನ್ನು ಬಾಧಿಸಲಿಲ್ಲ; ಕರುವಿನ ಹಸಿವು ಬಾಧಿಸಿತು. ‘ನನ್ನದು’ ಎಂಬುದು ಕಳಚಿಬಿದ್ದ ಸ್ಥಳದಲ್ಲಿ ದಯೆಯು ಪೂರ್ಣವಾಗುತ್ತದೆ.

ಊರೂರಿಗೆ ದೊಡ್ಡ ಸಂಘವಾಗಲಿ ಆಸ್ಪತ್ರೆಯಾಗಲಿ ಇರಲಾರದು. ಐದಾರು ಮಂದಿ ಯುವಕರು ಕೂಡಿ, ಪಶುವೈದ್ಯರನ್ನು ಕರೆಸಿ, ವರ್ಷಕ್ಕೊಮ್ಮೆ ಓಣಿಯ ನಾಯಿಗಳಿಗೆಲ್ಲ ಲಸಿಕೆ ಹಾಕಿಸಬಹುದು. ಬೇಸಗೆಯಲ್ಲಿ ಬಾವಿಯ ಬಳಿ ಒಂದು ಕಲ್ಲಿನ ದೋಣಿಯಲ್ಲಿ ದನಕರುಗಳಿಗೆ ನೀರು ತುಂಬಿಡಬಹುದು. ಜಾತ್ರೆಯ ದಿನ ಗಾಡಿಗಳಿಗೆ ಹೂಡಿದ ಎತ್ತುಗಳ ಹೆಗಲನ್ನು ನೋಡಿ, ಹುಣ್ಣಿದ್ದುದನ್ನು ಬಿಡಿಸಿ, ಅದರ ಒಡೆಯನಿಗೆ ಒಳ್ಳೆಯ ಮಾತಿನಿಂದ ತಿಳಿಸಿಹೇಳಬಹುದು. ಇವುಗಳಲ್ಲಿ ಯಾವುದೂ ಅಸಾಧ್ಯವಾದುದಲ್ಲ. ನಿತ್ಯವೂ ನಿಷ್ಠೆಯಿಂದ ಮಾಡುವುದೇ ಕಠಿಣ.

ಮುಂದಿನ ಮಣ್ಣೆತ್ತಿನ ಅಮಾವಾಸ್ಯೆಯಂದು ಜಗುಲಿಯ ಮೇಲಿನ ಎತ್ತಿಗೆ ವಿಭೂತಿಯನ್ನು ಹಚ್ಚುವ ಕೈಯು, ಮೊದಲು ಕೊಟ್ಟಿಗೆಗೆ ಹೋಗಿ ಜೀವಂತ ಎತ್ತಿನ ಹುಣ್ಣಿಗೆ ಔಷಧವನ್ನು ಹಚ್ಚಲಿ. ಆ ಕೈಯಿಂದ ಮಾಡಿದ ಪೂಜೆಯು ಸಂಗಮನಾಥನಿಗೆ ಸಲ್ಲುವುದರಲ್ಲಿ ಸಂಶಯವಿಲ್ಲ.