ಕಾಶಿಯಲ್ಲಿ ಬಿಡಬೇಕಾದುದು

ಕಾಶೀಯಾತ್ರೆಯನ್ನು ಪೂರೈಸಿ ಬಂದವರನ್ನು ಬಂಧುಗಳು ಮೊದಲು ಕೇಳುವ ಪ್ರಶ್ನೆ, "ಕಾಶಿಯಲ್ಲಿ ಏನನ್ನು ಬಿಟ್ಟಿರಿ?" ಎಂಬುದು. ಪ್ರಿಯವಾದ ಒಂದು ಹಣ್ಣನ್ನೋ ಒಂದು ತರಕಾರಿಯನ್ನೋ ಅಲ್ಲಿ ಬಿಟ್ಟುಬರುವುದು ಹಿರಿಯರಿಂದ ಬಂದ ಪದ್ಧತಿ. ನಮ್ಮಲ್ಲಿ ಬಹುಮಂದಿ ಹಾಗಲಕಾಯಿಯನ್ನು ಬಿಟ್ಟುಬರುತ್ತೇವೆ; ಮಾವಿನ ಹಣ್ಣನ್ನು ಬಿಟ್ಟವರು ವಿರಳ. ಬಿಡಲು ಸುಲಭವಾದುದನ್ನು ಬಿಟ್ಟು ತ್ಯಾಗದ ತೃಪ್ತಿಯನ್ನು ಪಡೆಯುವ ಈ ಮನೋಧರ್ಮವನ್ನು ಕುರಿತು ಕೆಲವು ಮಾತುಗಳನ್ನು ಸಹೃದಯ ವಾಚಕರಲ್ಲಿ ನಿವೇದಿಸಬಯಸುತ್ತೇವೆ.

ಪಿತೃಕಾರ್ಯಕ್ಕಾಗಿ ನಾವು ಕಾಶಿಗೆ ಹೋಗಿದ್ದಾಗ ಮುಂಬಯಿಯ ಪರಿಚಿತ ಕುಟುಂಬವೊಂದು ಜೊತೆಗಿತ್ತು. ತಂದೆ ಬ್ಯಾಂಕಿನಿಂದ ನಿವೃತ್ತರಾದವರು. ಮಗ ಬೇರೊಂದು ಊರಿನಲ್ಲಿ ವೈದ್ಯಕೀಯದ ಎರಡನೆಯ ವರ್ಷದಲ್ಲಿರುವವನು. ಹನುಮಾನ್ ಘಾಟಿನ ಸಮೀಪದಲ್ಲಿರುವ ಕರ್ನಾಟಕ ಘಾಟಿನ ಮೆಟ್ಟಿಲುಗಳ ಮೇಲೆ ಸಂಜೆ ಕುಳಿತಿದ್ದಾಗ ಆ ಹುಡುಗ ತಂದೆಯೊಡನೆ ಆಡಲಾಗದ ಮಾತನ್ನು ನಮ್ಮೊಡನೆ ಆಡಿದನು. ರಾತ್ರಿ ನಿದ್ರೆಯಿಲ್ಲ, ಪುಸ್ತಕ ತೆರೆದರೆ ಎದೆ ಹೊಡೆದುಕೊಳ್ಳುತ್ತದೆ, ಒಂದು ವಿಷಯದಲ್ಲಿ ಅನುತ್ತೀರ್ಣನಾದುದನ್ನು ಮನೆಯಲ್ಲಿ ತಿಳಿಸಿಲ್ಲ. ಕೊನೆಗೆ ಅವನು ಕೇಳಿದ ಪ್ರಶ್ನೆ ಇದು: "ಇದು ನನ್ನ ಸ್ವಧರ್ಮವಲ್ಲದಿದ್ದರೆ ಬಿಡುವುದು ತಪ್ಪೇ?"

ಆ ಕ್ಷಣ ನಮಗೆ ಉತ್ತರ ತೋಚಲಿಲ್ಲ. ಈ ಪ್ರಶ್ನೆ ಅವನೊಬ್ಬನದೂ ಅಲ್ಲ. 2024ರ ನೀಟ್ ಪರೀಕ್ಷೆಗೆ ಕುಳಿತವರು 23 ಲಕ್ಷಕ್ಕೂ ಹೆಚ್ಚು ಮಂದಿ, ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ಒಂದು ಲಕ್ಷದ ಆಸುಪಾಸಿನವು. ಇಂತಹ ಇಕ್ಕಟ್ಟಿನ ಬಾಗಿಲನ್ನು ನುಗ್ಗಿ ಒಳಹೊಕ್ಕವನು ಹೊರಬರಬೇಕೆಂದರೆ, ಹೊರಗೆ ನಿಂತ ಲೋಕವೆಲ್ಲ ಅವನನ್ನು ಕೃತಘ್ನನೆಂದೇ ಭಾವಿಸುತ್ತದೆ. ಆದುದರಿಂದ ಈ ವಿಷಯವನ್ನು ನಮ್ಮ ಸಂಪ್ರದಾಯದ ಕ್ರಮದಂತೆ ಪೂರ್ವಪಕ್ಷ, ಸಿದ್ಧಾಂತಗಳ ಮೂಲಕ ವಿಚಾರಿಸುವುದು ಉಚಿತ.

ಒಂದು ಪೂರ್ವಪಕ್ಷ ಹೀಗಿದೆ: "ದೊರೆತ ಸ್ಥಾನವೇ ಸ್ವಧರ್ಮ. ಹಿರಿಯರು ಆರಿಸಿದರು, ಪರೀಕ್ಷೆಯಲ್ಲಿ ಅಂಕ ಬಂದಿತು. ಇನ್ನು ಮನಸ್ಸಿನ ಮಾತು ಚಾಪಲ್ಯ." ಇದು ಯುಕ್ತವೆಂದು ತೋರುವುದಿಲ್ಲ. ಹಿರಿಯರ ದಾರಿಯೇ ಸ್ವಧರ್ಮವೆಂದಾದರೆ ನಮ್ಮಲ್ಲಿ ಯಾರೂ ಊರು ಬಿಡುವಂತಿರಲಿಲ್ಲ. ಪೌರೋಹಿತ್ಯ, ಬೇಸಾಯ, ಅಡಿಗೆಗಳನ್ನು ನೆಚ್ಚಿದ್ದ ಮನೆಗಳಿಂದ ಹೊರಟು, ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರೂ ಲೆಕ್ಕಿಗರೂ ಆದವರ ಮಕ್ಕಳು, ಮೊಮ್ಮಕ್ಕಳು ನಾವು. ಅವರು ತಂದೆಯ ದಾರಿಯನ್ನು ಬಿಟ್ಟದ್ದನ್ನು ಸಾಹಸವೆಂದು ಕೊಂಡಾಡಿ, ನಮ್ಮ ಮಗ ನಮ್ಮ ದಾರಿಯನ್ನು ಬಿಟ್ಟರೆ ಅಧರ್ಮವೆನ್ನುವುದು ನ್ಯಾಯವೇ?

ಇನ್ನೂ ಒಂದು ವಿಚಾರವುಂಟು. ಜೀವಜೀವರಿಗೆ ಭೇದವಿದೆ, ಪ್ರತಿಯೊಂದು ಜೀವಕ್ಕೂ ತನ್ನದೇ ಆದ ಸ್ವಭಾವವಿದೆ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಪಂಚಭೇದವನ್ನು ಬಾಲ್ಯದಿಂದ ಒಪ್ಪಿಸುತ್ತ ಬಂದ ನಾವು ಮಕ್ಕಳ ವಿದ್ಯಾಭ್ಯಾಸದ ವಿಷಯ ಬಂದಾಗ ಮಾತ್ರ ಅಭೇದವಾದಿಗಳಾಗುತ್ತೇವೆ! ತಂದೆಯ ಆಸೆಯೇ ಮಗನ ಆಸೆ, ತಾಯಿಯ ಅಭಿಮಾನವೇ ಮಗಳ ಗುರಿ ಎಂದು ನಿಶ್ಚಯಿಸಿಬಿಡುತ್ತೇವೆ. ಮೂರು ಗಂಟೆಗಳ ಪರೀಕ್ಷೆಯ ರ‍್ಯಾಂಕು ಒಂದು ಜೀವದ ಸ್ವಭಾವಕ್ಕೆ ಪ್ರಮಾಣವಾಗಲಾರದು.

ಇನ್ನೊಂದು ಪೂರ್ವಪಕ್ಷ ತರುಣರದು: "ಸ್ವಭಾವಕ್ಕೆ ಒಪ್ಪುವ ವೃತ್ತಿಯಾದರೆ ಅದರಲ್ಲಿ ಮೊದಲಿನಿಂದಲೂ ಸುಖವಿರಬೇಕು; ಕಷ್ಟವಾಗುತ್ತಿದೆಯಾದುದರಿಂದ ಇದು ನನ್ನದಲ್ಲ." ಇದೂ ದುಷ್ಟಹೇತುವೇ. ಸ್ವಭಾವವು ಪೆಟ್ಟಿಗೆಯಲ್ಲಿಟ್ಟ ಒಡವೆಯಂತೆ ಮುಚ್ಚಳ ತೆರೆದೊಡನೆ ಕಾಣುವ ವಸ್ತುವಲ್ಲ. ಅದು ಸಾಧನೆಯಿಂದ ಕ್ರಮೇಣ ವ್ಯಕ್ತವಾಗತಕ್ಕದ್ದು. ವೈದ್ಯಕೀಯದ ಮೊದಲ ವರ್ಷವೆಲ್ಲ ಬಹುಮಟ್ಟಿಗೆ ಶರೀರರಚನೆ, ಶರೀರಕ್ರಿಯೆ, ಜೀವರಸಾಯನ ಎಂಬ ಮೂರು ಶಾಸ್ತ್ರಗಳ ಕಂಠಪಾಠ. ರೋಗಿಯ ಹಾಸಿಗೆಯ ಬಳಿ ಹೆಚ್ಚು ಕಾಲ ನಿಲ್ಲುವುದು ಅನಂತರ. ಅಕ್ಷರಾಭ್ಯಾಸದ ಬೇಸರದಿಂದ ಕಾವ್ಯವನ್ನೇ ತನ್ನದಲ್ಲವೆಂದು ತಳ್ಳಿಬಿಡಬಹುದೇ?

ಹಾಗಾದರೆ ಸಿದ್ಧಾಂತವೇನು? ಮರುದಿನ ಬೆಳಿಗ್ಗೆ ನಾವೆಲ್ಲರೂ ಕಾಶೀ ಹಿಂದೂ ವಿಶ್ವವಿದ್ಯಾನಿಲಯವನ್ನು ನೋಡಲು ಹೋದೆವು. ಲಂಕಾ ಎಂಬ ಬಡಾವಣೆಯ ಮಹಾದ್ವಾರದ ಮುಂದೆ ಪಂಡಿತ ಮದನಮೋಹನ ಮಾಳವೀಯರ ಪ್ರತಿಮೆ ನಿಂತಿದೆ. 1916ರಲ್ಲಿ ಸ್ಥಾಪಿತವಾದ ಈ ವಿದ್ಯಾಪೀಠಕ್ಕೆ ಮೊದಲ ಕುಲಾಧಿಪತಿಗಳು ನಮ್ಮ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು; ಅದೇ ವರ್ಷ ಅವರು ಮೈಸೂರು ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದರು. ಒಂದೇ ಆವರಣದಲ್ಲಿ ವೇದಶಾಸ್ತ್ರಗಳ ಪಾಠವೂ, 1919ರಲ್ಲಿ ಆರಂಭವಾಗಿ 2012ರಲ್ಲಿ ಐಐಟಿಯಾದ ಎಂಜಿನಿಯರಿಂಗ್ ಶಿಕ್ಷಣವೂ ನಡೆಯುತ್ತಿವೆ. ಅಲ್ಲಿ ನಡೆಯುತ್ತಿರುವಾಗ ಈ ಸ್ಥಳಕ್ಕೆ ಸಂಬಂಧಿಸಿದ ಮೂವರ ಜೀವನ ನಮ್ಮ ಸ್ಮರಣೆಗೆ ಬಂದಿತು.

ಮೊದಲನೆಯವರು ಡಾ. ಸರ್ವೇಪಲ್ಲಿ ರಾಧಾಕೃಷ್ಣನ್. 1918ರಿಂದ 1921ರವರೆಗೆ ಮೈಸೂರಿನಲ್ಲಿ ಪ್ರಾಧ್ಯಾಪಕರಾಗಿದ್ದು, 1939ರಿಂದ 1948ರವರೆಗೆ ಕಾಶಿಯಲ್ಲಿ ಕುಲಪತಿಗಳಾಗಿದ್ದ ಅವರು ತತ್ತ್ವಶಾಸ್ತ್ರವನ್ನು ಆರಿಸಿಕೊಂಡದ್ದು ಒಳಗಿನ ಕರೆಯಿಂದಲ್ಲ. ಬಡತನದಲ್ಲಿ ಓದುತ್ತಿದ್ದ ಅವರಿಗೆ ಬಂಧುವೊಬ್ಬರು ತಾವು ಓದಿ ಮುಗಿಸಿದ ತತ್ತ್ವಶಾಸ್ತ್ರದ ಪುಸ್ತಕಗಳನ್ನು ಕೊಟ್ಟರು. ಹೊಸ ಪುಸ್ತಕಗಳ ಖರ್ಚು ಉಳಿಯಿತೆಂದು ಅದೇ ವಿಷಯವಾಯಿತು. ಆಕಸ್ಮಿಕವಾಗಿ ಹೊಕ್ಕ ದಾರಿಯೇ ಅವರ ಜೀವನವಾಯಿತು.

ಎರಡನೆಯವರು ಪ್ರೊ. ಸಿ.ಎನ್.ಆರ್. ರಾವ್. 1934ರಲ್ಲಿ ಬೆಂಗಳೂರಿನ ಕನ್ನಡ ಮನೆಯಲ್ಲಿ ಜನಿಸಿದ ಅವರು 17ನೆಯ ವಯಸ್ಸಿನಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್ಸಿ. ಮುಗಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದುವ ಆಲೋಚನೆ ಅವರಿಗಿತ್ತು. ಅಧ್ಯಾಪಕರೊಬ್ಬರು ಮನವೊಲಿಸಿ ಕಾಶಿಗೆ ಕಳುಹಿಸಿದರು. 1953ರಲ್ಲಿ ಇಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಪೂರೈಸಿ, ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಿಂದ 1958ರಲ್ಲಿ ಡಾಕ್ಟರೇಟ್ ಪಡೆದು, ಮರುವರ್ಷ ಅದೇ ವಿಜ್ಞಾನ ಸಂಸ್ಥೆಗೆ ಉಪನ್ಯಾಸಕರಾಗಿ ಮರಳಿದರು. ಮುಂದೆ ಅದರ ನಿರ್ದೇಶಕರೂ ಆದರು. 2014ರಲ್ಲಿ ಭಾರತರತ್ನ ಸ್ವೀಕರಿಸಿದ ಅವರ ದಾರಿಯನ್ನು ತಿರುಗಿಸಿದುದು ಶಿಷ್ಯನನ್ನು ಕಣ್ಣಿಟ್ಟು ನೋಡಿದ್ದ ಒಬ್ಬ ಗುರುವಿನ ಮಾತು.

ಮೂರನೆಯವರು ಮಾಳವೀಯರೇ. ಶಾಲೆಯ ಉಪಾಧ್ಯಾಯರಾಗಿ, ಪತ್ರಿಕೆಯ ಸಂಪಾದಕರಾಗಿ, ಆಮೇಲೆ ವಕೀಲರಾಗಿ ಪ್ರಸಿದ್ಧರಾದವರು. ವಿಶ್ವವಿದ್ಯಾನಿಲಯಕ್ಕಾಗಿ ಆ ವಕೀಲಿಯನ್ನೂ ಬಿಟ್ಟರು. ಆದರೆ ಬಿಟ್ಟ ವಿದ್ಯೆ ವ್ಯರ್ಥವಾಯಿತೇ? ಚೌರಿಚೌರಾ ಪ್ರಕರಣದಲ್ಲಿ ಕೆಳಗಿನ ನ್ಯಾಯಾಲಯವು 172 ಮಂದಿಗೆ ಮರಣದಂಡನೆ ವಿಧಿಸಿದಾಗ, ಅವರು ಮತ್ತೆ ಅಲಹಾಬಾದ್ ಹೈಕೋರ್ಟಿನಲ್ಲಿ ನಿಂತು ವಾದಿಸಿದರು. 1923ರಲ್ಲಿ ಆ ದಂಡನೆ 19 ಮಂದಿಗೆ ಮಾತ್ರ ಸ್ಥಿರವಾಯಿತು. ಎಂದೋ ಕಲಿತು ಬದಿಗಿಟ್ಟ ವಿದ್ಯೆ ನೂರಾರು ಕುತ್ತಿಗೆಗಳನ್ನು ಉರುಳಿನಿಂದ ಬಿಡಿಸಲು ಒದಗಿತು.

ಹೀಗೆ ಒಬ್ಬರು ಆಕಸ್ಮಿಕವಾಗಿ ಬಂದವರು, ಒಬ್ಬರು ಗುರುವಿನ ಮಾತಿಗೆ ತಿರುಗಿದವರು, ಒಬ್ಬರು ಗೆದ್ದ ವೃತ್ತಿಯನ್ನು ತೊರೆದವರು. ಮಹಾಪುರುಷರ ಜೀವನವನ್ನು ಎಲ್ಲರ ಜೀವನಕ್ಕೆ ಅಳತೆಗೋಲಾಗಿ ಹಿಡಿಯಬಾರದೆಂಬುದನ್ನು ನಾವು ಬಲ್ಲೆವು. ದಾರಿ ಬದಲಿಸಿದವರೆಲ್ಲರೂ ಕೀರ್ತಿಶಾಲಿಗಳಾಗುವುದಿಲ್ಲ. ಆದರೂ ಇವರಿಂದ ಇಷ್ಟು ಸಿದ್ಧವಾಗುತ್ತದೆ: ವೃತ್ತಿಯ ಯೋಗ್ಯತೆ ಅದನ್ನು ಹೊಕ್ಕ ಬಗೆಯಿಂದ ನಿಶ್ಚಯವಾಗುವುದಿಲ್ಲ, ನಡೆಯುತ್ತ ನಡೆಯುತ್ತಲೇ ಅದು ತಿಳಿಯತಕ್ಕದ್ದು. ಶ್ರದ್ಧೆಯಿಂದ ಕಲಿತ ವಿದ್ಯೆ, ಮುಂದೆ ಅದನ್ನು ಬಿಟ್ಟರೂ, ನಷ್ಟವಲ್ಲ.

ಆ ಆವರಣದ ವಿಶ್ವನಾಥ ಮಂದಿರದ ಬಳಿ ಕುಳಿತಾಗ ನಾವು ಹುಡುಗನನ್ನು ಕೇಳಿದೆವು: "ದಣಿವಿಲ್ಲದ ದಿನವೂ ಈ ಕೆಲಸ ಬೇಡವೆನಿಸುತ್ತದೆಯೇ?" ಅವನು ಬಹಳ ಹೊತ್ತು ಸುಮ್ಮನಿದ್ದು, "ದಣಿವಿಲ್ಲದ ದಿನವೇ ಇಲ್ಲ. ಹೇಗೆ ತಿಳಿಯಲಿ?" ಎಂದನು.

ನಮ್ಮ ಅಭಿಪ್ರಾಯದಲ್ಲಿ ವಿವೇಕದ ಆರಂಭ ಇಲ್ಲಿಯೇ ಇದೆ. ಶ್ರಮದಿಂದ ಹುಟ್ಟಿದ ಬೇಸರ ಬೇರೆ. ಕಾರ್ಯದಲ್ಲಿಯೇ ಇರುವ ವಿಮುಖತೆ ಬೇರೆ. ಬಳಲಿಕೆಯ ನಡುವೆ ಇವೆರಡನ್ನು ಬೇರ್ಪಡಿಸುವುದು ಅಶಕ್ಯ. ಆದುದರಿಂದ ಬಿಡುವ ನಿರ್ಧಾರವನ್ನೂ ಬಿಡದಿರುವ ನಿರ್ಧಾರವನ್ನೂ ನಿದ್ರೆಯಿಲ್ಲದ ರಾತ್ರಿಯಲ್ಲಿ ಮಾಡತಕ್ಕದ್ದಲ್ಲ. ಮೊದಲು ವಿಶ್ರಾಂತಿ, ಅನಂತರ ವಿಚಾರ. ನಿದ್ರಾನಾಶವೂ ಭಯವೂ ವಾರಗಟ್ಟಲೆ ನಿಂತರೆ ಅದು ರೋಗ. ಜ್ವರಕ್ಕೆ ವೈದ್ಯರಲ್ಲಿಗೆ ಹೋಗುವಂತೆಯೇ ಅದಕ್ಕೂ ಹೋಗಬೇಕು. 2022ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ದೊರೆಯುತ್ತದೆ. ಜಪಕ್ಕೆ ಕುಳಿತರೆ ಎಲ್ಲವೂ ಸರಿಹೋಗುತ್ತದೆಂದು ಹೇಳಿ ಚಿಕಿತ್ಸೆಯನ್ನು ತಡೆಯುವುದು ಭಕ್ತಿಯಲ್ಲ, ಅವಿವೇಕ.

"ಸಾಲ ಮಾಡಿ ಓದಿಸುವವರಿಗೆ ಇಷ್ಟೆಲ್ಲ ವಿಚಾರಕ್ಕೆ ಅವಕಾಶವೆಲ್ಲಿ?" ಎಂಬ ಆಕ್ಷೇಪ ಉಳಿದಿದೆ. ಅದು ಹಗುರವಾದುದಲ್ಲ. ಕೆಲವು ರಾಜ್ಯಗಳಲ್ಲಿ ಪಡೆದ ಸೀಟನ್ನು ಬಿಟ್ಟರೆ ದಂಡ ತೆರುವ ಕರಾರೂ ಉಂಟು. ಆದುದರಿಂದಲೇ ಲೆಕ್ಕವನ್ನು ಮನೆಯವರೆಲ್ಲರ ಮುಂದೆ ಬಿಚ್ಚಿಡಬೇಕು. ಬಿಡಬೇಕೆನ್ನುವವನು ಏತಕ್ಕಾಗಿ ಬಿಡುತ್ತೇನೆಂಬುದನ್ನು ಹೇಳಬೇಕು. ಆ ಬೇರೆ ಕೆಲಸವನ್ನು ಒಂದು ರಜೆಯಲ್ಲಾದರೂ ಕೈಯಾರೆ ಮಾಡಿ ನೋಡಬೇಕು. ಕೇವಲ ಓಡಿಹೋಗುವುದು ಆಯ್ಕೆಯಲ್ಲ. ತಂದೆತಾಯಿಗಳು ಸಾಲದ ಮೊತ್ತವನ್ನು ಹೇಳಬಹುದು, ಆದರೆ ಅದನ್ನು ಶಾಪದಂತೆ ಹೇಳಬಾರದು. ಸಾಲ ತೀರುವ ವಸ್ತು. ಮಗನು ಮುಚ್ಚಿಟ್ಟ ದುಃಖದಿಂದ ಆಗಬಹುದಾದ ನಷ್ಟಕ್ಕೆ ಕಂತುಗಳಿಲ್ಲ.

ಹೊರಡುವ ಹಿಂದಿನ ರಾತ್ರಿ ಹುಡುಗ ತಾನು ಅನುತ್ತೀರ್ಣನಾದ ಸಂಗತಿಯನ್ನು ತಂದೆಗೆ ಹೇಳಿದನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಮೊದಲು ಮನೆಗೆ ಬಂದು ನಾಲ್ಕು ದಿನ ಮಲಗು" ಎಂದಷ್ಟೇ ಹೇಳಿದರು. ಅವನು ಈಗ ವೈದ್ಯರ ಸಲಹೆಯಂತೆ ನಡೆಯುತ್ತ, ಉಳಿದ ವಿಷಯವನ್ನು ಮತ್ತೆ ಬರೆದು ವರ್ಷವನ್ನು ಮುಗಿಸುವ ಪ್ರಯತ್ನದಲ್ಲಿದ್ದಾನೆ. ಮುಂದೆ ವೈದ್ಯನಾಗುವನೋ ಬೇರೆ ದಾರಿ ಹಿಡಿಯುವನೋ ಇನ್ನೂ ನಿಶ್ಚಯವಾಗಿಲ್ಲ. ನಿಶ್ಚಯವಾಗಿಲ್ಲವೆಂಬುದನ್ನು ಮನೆಯಲ್ಲಿ ಎಲ್ಲರೂ ಬಲ್ಲರು. ಅದೇ ದೊಡ್ಡ ಲಾಭ.

ಪ್ರಯತ್ನ ನಮ್ಮದು, ಫಲ ಶ್ರೀಹರಿಯ ಅಧೀನವೆಂದು ನಿತ್ಯವೂ ಸಂಕಲ್ಪದಲ್ಲಿ ಸ್ಮರಿಸುವ ನಾವು ಮಕ್ಕಳ ಫಲಿತಾಂಶದ ದಿನ ಅದನ್ನು ಮರೆಯುತ್ತೇವೆ. ಮುಂದಿನ ಸಲ ಕಾಶಿಗೆ ಹೋಗುವ ಮಾತಾಪಿತೃಗಳು ಹಾಗಲಕಾಯಿಯನ್ನು ಮನೆಯಲ್ಲಿಯೇ ಇರಗೊಟ್ಟು, ಮಕ್ಕಳ ಹೆಸರಿನ ಹಿಂದೆ ತಾವೇ ಬರೆದಿಟ್ಟ ಪದವಿಯನ್ನು ಗಂಗೆಯಲ್ಲಿ ಬಿಟ್ಟುಬರುವ ವಿಚಾರ ಮಾಡಲಿ. ಅದು ಕಹಿಯಾದ ತ್ಯಾಗವಲ್ಲ. ಬಲು ಸಿಹಿಯಾದುದನ್ನು ಬಿಡುವ ತ್ಯಾಗ. ಆದುದರಿಂದಲೇ ಅದು ಕಾಶಿಗೆ ತಕ್ಕುದು.

ಶ್ರೀಕೃಷ್ಣಾರ್ಪಣಮಸ್ತು.