ಮರಳಿ ಬಂದ ಹಸ್ತಪ್ರತಿ

ಬರೆದುದನ್ನು ಅಚ್ಚಿಗೆ ಸ್ವೀಕರಿಸಲಿಲ್ಲವೆಂದು ಲೇಖನಿಯನ್ನೇ ಕೆಳಗಿಡುವ ತರುಣರು ಸದ್ಭಕ್ತರ ಮನೆಗಳಲ್ಲಿಯೂ ಉಂಟು. ಅಂಥವರು ವಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರ (1880–1964) ಚರಿತ್ರೆಯನ್ನು ನೆನೆಯಬೇಕು. ತಾಡವೋಲೆಗಳನ್ನು ಅರಸಿ ಊರೂರು ತಿರುಗಿ, ವರ್ಷಗಟ್ಟಲೆ ಶೋಧಿಸಿ ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿಯನ್ನು ಅವರು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಿದರು. ಅದು ಅಚ್ಚಾಗದೆ ಮರಳಿ ಬಂದಿತು. ಆಗ ಅವರ ಮನಸ್ಸು ನೊಂದಿರಲಾರದೆಂದು ಹೇಳುವವರು ಒಂದು ಪುಟವನ್ನಾದರೂ ಶ್ರಮಪಟ್ಟು ಬರೆದವರಲ್ಲ!

ಕೃತಿಯನ್ನು ತನ್ನ ಸ್ವತ್ತೆಂದು ಭಾವಿಸಿದವನು ಇಂತಹ ಪ್ರಸಂಗದಲ್ಲಿ ಅಪಮಾನವನ್ನೆಣಿಸುತ್ತ ಕುಳಿತುಬಿಡುವನು. ಕಾಯಕವೆಂದು ಕೈಕೊಂಡವನಿಗಾದರೋ ಅಷ್ಟು ಬಿಡುವೆಲ್ಲಿ? ಅಡಿಗೆ ಸಿದ್ಧವಾಗಿದೆ, ಪಂಕ್ತಿ ಕಾದಿದೆ, ದಾಸೋಹ ಇನ್ನೂ ನಡೆದಿಲ್ಲ. ತಿದ್ದತಕ್ಕುದಿದ್ದರೆ ತಿದ್ದಬೇಕು, ಇಲ್ಲವಾದರೆ ಬೇರೊಂದು ಬಾಗಿಲಿಗೆ ಹೋಗಬೇಕು.

1923ರಲ್ಲಿ ಅದೇ ಗ್ರಂಥದ ಪ್ರಥಮ ಭಾಗವು ಬೆಳಗಾವಿಯಲ್ಲಿ ಅಚ್ಚಾಯಿತು. ಹಳಕಟ್ಟಿಯವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಇದ್ದ ಮನೆಯನ್ನು ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ಅನ್ಯರ ಬರಹಗಳಿಗೂ ಸ್ಥಳವನ್ನು ಕೊಟ್ಟರು.